ಅಡ್ಡಪಟ್ಟಿಯ ಅಳತೆ

೧೯೩೨ನೆಯ ಇಸವಿ ಜನವರಿ ಒಂಬತ್ತು, ಶನಿವಾರ, ಬೆಳಗಿನ ಹತ್ತೂವರೆ ಗಂಟೆ. ಆಕನ್‌ಬ್ರೇ ಎಂಬ ಗಣಿ ಊರಿನ ಫುಟ್‌ಬಾಲ್ ಗೋಲ್‌ಕೀಪರ್ ಡಾಡ್ ಪೆಟಿಗ್ರೂ ಒಂದು ಕೆನ್ನೆ ಬೋಳಿಸಿ, ಇನ್ನೊಂದಕ್ಕೆ ನೊರೆ ಹಚ್ಚಿಕೊಂಡಿದ್ದಾಗ ಅವನಿಗೊಂದು ಯೋಚನೆ ಬಂತು. ಯೋಚನೆ ಬರುವುದು ಅವನಿಗೆ ಅಪರೂಪ. ಆದ್ದರಿಂದ ಬಂದದ್ದನ್ನು ಬಿಡಲಿಲ್ಲ.

ಡಾಡ್ ಗಿಡ್ಡ. ಆದರೂ ಆರು ವರ್ಷದಿಂದ ಊರಿನ ಮೈದಾನದಲ್ಲಿ ಒಂದು ಚೆಂಡೂ ಅವನ ತಲೆಯ ಮೇಲಿಂದ ಗೋಲಿಗೆ ಹೋದದ್ದಿಲ್ಲ. ಹೊರ ಊರಿಗೆ ಹೋದರೆ ಮಾತ್ರ ಚೆಂಡು ಬೆರಳ ತುದಿಗೂ ಸಿಕ್ಕದೆ ಒಳಗೆ ನುಗ್ಗುತ್ತಿತ್ತು. ಹೋದ ಶನಿವಾರ ಹಾಗೆ ನಾಲ್ಕು ಗೋಲು.

“ಎಫೀ, ಗೊತ್ತಾಯ್ತು ಕಣೇ!” ಎಂದು ಹೆಂಡತಿಯನ್ನು ಕೂಗಿದ. “ನಾನು ಅದೇ, ಕೈ ಅದೇ, ಚೆಂಡು ಅದೇ. ಬದಲಾಗೋದು ಮೈದಾನ ಒಂದೇ. ಅಂದ್ರೆ ಹೊರಗಿನ ಕಳ್ಳರೆಲ್ಲ ಗೋಲಿನ ಅಡ್ಡಪಟ್ಟೀನ ಮೇಲಕ್ಕೇರಿಸಿದ್ದಾರೆ!”

ಗಂಜಿ ತಿರುವುತ್ತಿದ್ದ ಎಫೀ ಸೌಟು ಬೀಳಿಸಿದಳು.

“ಇವತ್ತು ಗ್ಲಾಸ್ಗೋದ ದೊಡ್ಡ ಕ್ಲಬ್ಬಿನವರು ನನ್ನ ಆಟ ನೋಡೋಕೆ ಬರ್ತಾರಲ್ಲ, ಅವರೆದುರಿಗೇ ನಮ್ಮ ಅಡ್ಡಪಟ್ಟಿ ಅಳೆಸ್ತೀನಿ. ನಿಯಮದ ಎಂಟಡಿ ಎತ್ತರ ಅಂದ್ರೆ ಎಷ್ಟು ಅಂತ ಅವರಿಗೂ ಗೊತ್ತಾಗ್ಲಿ. ಆಮೇಲೆ ನನ್ನನ್ನ ಕರಕೊಂಡು ಹೋಗ್ತಾರೆ, ಗಣಿಗೆ ಇಳಿಯೋ ಕರ್ಮ ತಪ್ಪುತ್ತೆ. ಎಲ್ಲಿ, ನಿನ್ನ ಹೊಲಿಗೆ ಟೇಪು ಕೊಡು.”

ಎಫೀ ಟೇಪು ತಂದಳು. ಅವನ ಕಣ್ಣೆದುರೇ ಕತ್ತರಿಯಿಂದ ಕಚಕ್ಕನೆ ಎರಡು ತುಂಡು ಮಾಡಿದಳು. “ಅಯ್ಯೋ, ಕೈ ಜಾರಿತು.”

ಡಾಡ್ ನೊರೆ ಕೆನ್ನೆಯಲ್ಲೇ ಬಡಗಿ ವುಲ್ಲಿ ಮೊಫಟ್‌ನ ಮನೆಗೆ ಓಡಿದ.

“ಟೇಪಾ? ನಾಯಿ ತಿಂತು ಮಾರಾಯ.”

“ಅಡಿಗೋಲಾದ್ರೂ ಕೊಡು.”

“ಅದನ್ನೂ ತಿಂತು.”

“ಮರದ್ದು ಕಣೋ ಅದು!”

“ಪಾಪ, ಹಸಿದಿತ್ತು.”

ದಾರಿಯಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಹ್ಯಾಗರ್ಟ್ ಅವನ ತೋಳು ಹಿಡಿದು, ಮಾಂಸ ತುಂಬಿದ ಬಿಸಿ ಕಡುಬೊಂದನ್ನು ಕೈಗಿಟ್ಟ. “ಡಾಡ್, ಅಡ್ಡಪಟ್ಟಿ ಅಳೆಯೋದು ಅಪಶಕುನ.”

“ಯಾರು ಹೇಳಿದ್ದು?”

“ಎಲ್ಲರೂ.”

ಎದುರುಮನೆಯ ರ‍್ಯಾಂಕಿನ್ ಅಮ್ಮ ಕಿಟಕಿಯಿಂದ ಅರ್ಧ ಮೈ ಹೊರಹಾಕಿದಳು. “ನಿನ್ನ ಮಾವ ಅಡ್ಡಪಟ್ಟಿ ಅಳೆದೇ ಸತ್ತಿದ್ದು!”

“ಅವನು ಕೆಮ್ಮಿ ಸತ್ತಿದ್ದು!”

“ಅಳೆದ ಮೇಲೇ ಕೆಮ್ಮು ಶುರುವಾದ್ದು!”

ಡಾಡ್‌ಗೆ ಈಗ ಎಲ್ಲ ಸ್ಪಷ್ಟವಾಯಿತು. ತಾನು ಗ್ಲಾಸ್ಗೋಗೆ ಹೋಗಿ ದೊಡ್ಡವನಾಗುವುದನ್ನು ಊರಿಗೆ ಊರೇ ಸಹಿಸುತ್ತಿಲ್ಲ! ಕಡುಬು ತಿಂದು ಮುಗಿಸಿದ, ಹಟ ಬಿಡಲಿಲ್ಲ.

ಆಟಕ್ಕೆ ಮುಂಚೆ ದೂರು ಕೊಟ್ಟರೆ ರೆಫ್ರಿ ಅಳೆಯಲೇಬೇಕು ಎಂಬುದು ನಿಯಮ. ಅಂದಿನ ರೆಫ್ರಿ ಜೇಬಿನಲ್ಲೇ ಉಕ್ಕಿನ ಟೇಪು ಇಟ್ಟುಕೊಳ್ಳುವಂಥ ಮನುಷ್ಯ. ಮಧ್ಯಾಹ್ನ ಮೈದಾನದಲ್ಲಿ ಡಾಡ್ ದೂರು ಕೊಟ್ಟು, ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ನಿಂತು, ಟೇಪಿನ ತುದಿಯನ್ನು ಅಡ್ಡಪಟ್ಟಿಯ ಕೆಳಗೆ ಒತ್ತಿ ಹಿಡಿದ. ಗ್ಲಾಸ್ಗೋ ಕ್ಲಬ್ಬಿನಿಂದ ಬಂದವನು ಗೋಲಿನ ಹಿಂದೆಯೇ ನಿಂತಿದ್ದ. ನೆರೆದ ಜನ ಶವಸಂಸ್ಕಾರಕ್ಕೆ ನಿಂತವರಂತೆ ಒಬ್ಬೊಬ್ಬರಾಗಿ ಟೋಪಿ ತೆಗೆದರು.

ರೆಫ್ರಿ ಬಗ್ಗಿ ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ.

“ಜೋರಾಗಿ ಓದಿ ಸ್ವಾಮಿ, ಎಲ್ಲರಿಗೂ ಕೇಳಲಿ!” ಎಂದ ಡಾಡ್.

ವುಲ್ಲಿ ಮುಂದೆ ಬಂದ. “ತಪ್ಪು ನಂದು ಸ್ವಾಮಿ. ಆರು ವರ್ಷದ ಹಿಂದೆ ಇವನನ್ನ ತಂಡದಿಂದ ತೆಗೀತೀವಿ ಅಂದ್ರು. ಎಫೀ ಬಂದು ಅತ್ತಳು. ಇವನ ಕೈ ಎಳೆದು ಉದ್ದ ಮಾಡೋಕಾಗುತ್ತಾ? ಮೈದಾನದ ಎರಡೂ ಕಡೆ ಗೋಲಿನ ಕಂಬದ ಬುಡ ಕೊಯ್ದು, ಗಿಡ್ಡ ಮಾಡಿ ನೆಟ್ಟೆ.”

ಬಕೆಟ್ಟು ಅಲುಗಿತು. “ಇದು... ಯಾರ‍್ಯಾರಿಗೆ ಗೊತ್ತಿತ್ತು?”

“ನಿನ್ನೊಬ್ಬನಿಗೆ ಗೊತ್ತಿರಲಿಲ್ಲ ಕಣಪ್ಪ,” ಎಂದಳು ರ‍್ಯಾಂಕಿನ್ ಅಮ್ಮ. “ಒಬ್ಬನಾದ್ರೂ ನೆಮ್ಮದಿಯಾಗಿ ಆಡಲಿ ಅಂತ.”

ಗ್ಲಾಸ್ಗೋದವನು ಕೋಟಿನ ಕಾಲರು ಎತ್ತಿಕೊಂಡ. “ನಿನ್ನ ಆಟದಲ್ಲಿ ತಪ್ಪಿಲ್ಲಪ್ಪ. ಆದ್ರೆ ನಮ್ಮಲ್ಲಿ ಇಂಥ ಬಡಗಿ ಇಲ್ಲ.” ಅವನು ಗೇಟಿನ ಕಡೆ ನಡೆದ.

ಡಾಡ್ ಕೆಳಗಿಳಿಯಲಿಲ್ಲ, ಟೇಪನ್ನೂ ಬಿಡಲಿಲ್ಲ. “ಇರಲಿ ಸ್ವಾಮಿ, ಎಷ್ಟಿದೆ ಅಂತಾದ್ರೂ ಹೇಳಿ.”

ರೆಫ್ರಿ ಓದಿದ: “ಏಳು ಅಡಿ ಐದೂವರೆ ಅಂಗುಲ.”