ಮಠದ ಗೋಡೆಗೆ ಬೂಟು ಬಿಚ್ಚಿದ್ದು

ಆ ಶನಿವಾರ ಬೂಟು ಬಿಚ್ಚಿ ಎಂದು ಮೊದಲು ಹೇಳಿದವರು ಯಾರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ನೀವೇ ಎನ್ನುತ್ತಾಳೆ ನನ್ನ ಹೆಂಡತಿ ಶಾಲಿನಿ. ನನಗೆ ನೆನಪಿಲ್ಲ. ಚರಿತ್ರೆಯಲ್ಲಿ ಎಂ.ಎ. ಮಾಡಿದವನು ಒಬ್ಬರದೇ ಸಾಕ್ಷ್ಯವನ್ನು ನಂಬಬಾರದು, ಅದರಲ್ಲೂ ಹೆಂಡತಿಯದು.

ಕಾರಣ ಮಾತ್ರ ಚೆನ್ನಾಗಿ ನೆನಪಿದೆ. ಕುಲಕರ್ಣಿ. ಧಾರವಾಡದವನು, ಇಲ್ಲಿ ಇಂಗ್ಲಿಷರ ನಾಡಿನ ಕಿಂಗ್ಸ್‌ಬರಿಯಲ್ಲಿ ಹಲ್ಲಿನ ಡಾಕ್ಟರು. ಅವನು ಏನು ಹೇಳಿದರೂ ಶಾಲಿನಿ "ಹೌದಾ...!" ಎಂದು ಕಣ್ಣರಳಿಸುತ್ತಾಳೆ. ನಾನು ಏನು ಹೇಳಿದರೂ "ಹೌದಾ?" ಎನ್ನುತ್ತಾಳೆ. ಪದ ಒಂದೇ. ರಾಗ ಬೇರೆ. ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ಆ ಮೊದಲನೆಯ 'ಹೌದಾ' ನನ್ನ ಪಾಲಿಗೆ ಬಂದದ್ದಿಲ್ಲ.

ಹೊಸ ಶತಮಾನ ಶುರುವಾದ ಹೊಸತು. ಪಿನ್ನರ್ ಊರಿನಾಚೆಯ ಹಳೆಯ ಪ್ರಯರಿಯೊಂದನ್ನು ನೋಡಲು ಐದಾರು ಕನ್ನಡ ಕುಟುಂಬಗಳು ಹೊರಟಾಗ, ವಿವರಿಸುವ ಹೊಣೆಯನ್ನು ನಾನೇ ಮೇಲೆ ಬಿದ್ದು ಹೊತ್ತೆ.

ಕಾರಿಂದ ಇಳಿಯುತ್ತಲೇ ಶುರುಮಾಡಿದೆ. "ಪ್ರಯರಿ ಅಂದರೆ ಶಾಖಾಮಠ. ಬೆನೆಡಿಕ್ಟ್ ಪಂಥದ್ದು. ಫ್ರಾನ್ಸಿನ ದೊಡ್ಡ ಮಠದಿಂದ ಕಪ್ಪು ನಿಲುವಂಗಿಯ ಮೂರ್ನಾಲ್ಕು ಸನ್ಯಾಸಿಗಳು ಬಂದು ಇಲ್ಲಿನ ಹೊಲ ನೋಡಿಕೊಳ್ತಿದ್ದರು. ಫ್ರಾನ್ಸಿನ ಜೊತೆ ಯುದ್ಧ ಹತ್ತಿದಾಗ ಇಲ್ಲಿನ ರಾಜ ಮಠವನ್ನೇ ಕಿತ್ತುಕೊಂಡ."

"ಮಠ ಇಲ್ಲೇ ಇತ್ತರೀ ಸರ," ಎಂದ ಕುಲಕರ್ಣಿ. "ನಿಮ್ಮ ಗಾಡಿ ನಿಂತದಲ್ಲ, ಅದರ ಬುಡಕ."

"ಹೌದಾ...!" ಎಂದಳು ಶಾಲಿನಿ.



"ಕಾರ್ ಪಾರ್ಕಿನಲ್ಲಿ ಮಠವೇನ್ರೀ?" ಎಂದು ಜೋರಾಗಿ ನಕ್ಕೆ. ಎಲ್ಲರನ್ನೂ ಹುಲ್ಲುಹಾಸಿನಾಚೆಯ ಪಾಚಿಗಟ್ಟಿದ ಮೋಟುಗೋಡೆಯ ಬಳಿಗೆ ಕರೆದೊಯ್ದೆ. "ಇದೇ ನೋಡಿ, ಅವರು ಪ್ರಾರ್ಥನೆ ಮಾಡ್ತಿದ್ದ ಜಾಗ."

ಮಠ ಎಂಬ ಪದ ಬಳಸಿದ್ದೇ ತಪ್ಪಾಯಿತು. ಆ ಪದ ಕಿವಿಗೆ ಬಿದ್ದರೆ ನಮ್ಮವರ ಕಾಲು ತಾನಾಗಿ ಚಪ್ಪಲಿ ಬಿಡುತ್ತದೆ. ಒದ್ದೆ ಹುಲ್ಲಿನ ಮೇಲೆ ಬೂಟುಗಳು ಸಾಲುಗಟ್ಟಿದವು. ಶಾಲಿನಿ ಗೋಡೆಗೆ ಕೈಮುಗಿದು, ನನ್ನತ್ತ ತಿರುಗಿ, "ಹೌದಾ...!" ಎಂದಳು.

ನನಗೆ!

ಆಗ ಕೌನ್ಸಿಲ್‌ನ ಮಾಲಿ ಕೈಗಾಡಿ ತಳ್ಳಿಕೊಂಡು ಬಂದ. ನಮ್ಮ ಬರಿಗಾಲುಗಳನ್ನು ನೋಡಿದ. "ಹೆಂಗಸರ ಶೌಚಾಲಯ ಹುಡುಕ್ತಿದ್ದೀರಾ? ಅದನ್ನು ಕೆಡವಿ ಬಹಳ ಕಾಲವಾಯಿತು. ಈ ಗೋಡೆಯೊಂದೇ ಉಳಿದಿರೋದು," ಎಂದು ಅವನ ಇಂಗ್ಲಿಷಿನಲ್ಲಿ ಬಹಳ ವಿನಯದಿಂದ ತಿಳಿಸಿದ.

 ಕುಲಕರ್ಣಿಯೊಬ್ಬನೇ ಬೂಟು ಬಿಚ್ಚಿರಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ, ಗೋಡೆಯ ಕಲ್ಲು ಹಳೆಯದೇ ಇದ್ದಿರಬಹುದು ಎಂದೆ.

"ಹೌದಾ?" ಎಂದಳು ಶಾಲಿನಿ.

ಉಳಿದದ್ದೆಲ್ಲ ಅನುಮಾನವೇ. ಒಂದನ್ನು ಮಾತ್ರ ಲೈಬ್ರರಿಯ ಹಳೆಯ ನಕ್ಷೆಯಲ್ಲಿ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಮಠ ಇದ್ದದ್ದು ಕಾರ್ ಪಾರ್ಕಿನಲ್ಲೇ. ಅದರ ಮೇಲೆಯೇ, ಬೂಟುಗಾಲಿನಲ್ಲಿ ನಿಂತು, ನಾನು ನಕ್ಕಿದ್ದು.