ಸೆಲೂನ್ ಕುರ್ಚಿಯ ಮೇಲೆ ಅಪ್ಪದ ಕಾವಲಿ

ನಮ್ಮ ಮಾವ ಕಳ್ಳರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಓದುತ್ತ ಹೋದ ಹಾಗೆ ನಿಮಗೆ ಅನುಮಾನ ಬರಬಹುದು, ಬಂದರೆ ತಪ್ಪೂ ಇಲ್ಲ! ಅವರು ಊರವರ ಮನೆಯ ಒಂದು ಮೊಳೆಯನ್ನೂ ಮುಟ್ಟಿದವರಲ್ಲ. ಕೈ ಹಾಕುವುದು ಸ್ವಂತ ಮನೆಗೆ ಮಾತ್ರ. ಆ ಮನೆಯಲ್ಲಿ ತಿರುಗುವ ವಸ್ತು ಯಾವುದಾದರೂ ಸ್ವಲ್ಪ ಹೊತ್ತು ತಿರುಗುವುದನ್ನು ನಿಲ್ಲಿಸಿತೋ, ಅದರ ಕಥೆ ಮುಗಿಯಿತು. ಮಾರನೆಯ ದಿನ ಅದು ಹಿತ್ತಿಲಿನ ಶೆಡ್ಡಿನಲ್ಲಿ, ಮಾವನ ಮಷಿನ್ನಿನ ಯಾವುದೋ ಮೂಲೆಯಲ್ಲಿ ಹೊಸ ಉತ್ಸಾಹದಿಂದ ತಿರುಗುತ್ತಿರುತ್ತದೆ. ಟೇಬಲ್ ಫ್ಯಾನು ಹಾಗೆ ಹೋಯಿತು. ಹೊಲಿಗೆ ಮಷಿನ್ನಿನ ಪೆಡಲು ಹಾಗೆ ಹೋಯಿತು. "ಮಿಕ್ಸಿ ಯಾಕೋ ಸದ್ದು ಮಾಡ್ತಾ ಇತ್ತ್" ಅಂತ ಅತ್ತೆ ಬಾಯಿ ತೆರೆದರೆ ಸಾಕು, ಮಾವ ಸ್ಕ್ರೂಡ್ರೈವರ್ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಾರೆ. ನಾನಂತೂ ಅವರ ಮನೆಗೆ ಹೋದಾಗ ಒಂದೇ ಕಡೆ ಬಹಳ ಹೊತ್ತು ಸುಮ್ಮನೆ ಕೂರುವುದಿಲ್ಲ. ನನ್ನನ್ನೂ ಬಿಚ್ಚಿಬಿಟ್ಟರೆ?

ಮಾವ ಅಂದರೆ ನನ್ನ ಅಮ್ಮನ ಅಣ್ಣ. ಮನೆ ಹಟ್ಟಿಯಂಗಡಿಯ ಹತ್ತಿರ. ನಮ್ಮ ಕಡೆಯವರೆಲ್ಲ ಮುಂಬಯಿಗೆ ಓಡಿಹೋಗಿ ಹೋಟೆಲು ಸೇರಿ ಉದ್ಧಾರವಾದರೆ, ಇವರು ಹೋಟೆಲಿನಿಂದ ಪಕ್ಕದ ಫೌಂಡ್ರಿಗೆ ಚಾ ಕೊಡಲು ಹೋದವರು ಅಲ್ಲೇ ಉಳಿದುಬಿಟ್ಟರು! ಆ ಚಾದ ಗ್ಲಾಸುಗಳು ಹೋಟೆಲಿಗೆ ವಾಪಸ್ ಬಂದವೋ ಇಲ್ಲವೋ ಇವತ್ತಿಗೂ ತಿಳಿದಿಲ್ಲ. ಅಲ್ಲಿ ಅವರು ಕಲಿತದ್ದು ಎರಕ ಹೊಯ್ಯುವುದಕ್ಕೆ ಬೇಕಾದ ಅಚ್ಚಿನ ಪ್ಲೇಟು ಮಾಡುವ ವಿದ್ಯೆ. ಜೊತೆಗೆ ಎರಡು ಹಿಂದಿ ಶಬ್ದ: ಏಕ್‌ದಮ್, ಬರಾಬರ್. ಊರಿಗೆ ಬಂದ ಮೇಲೂ ಮೂರನ್ನೂ ಬಿಟ್ಟಿಲ್ಲ.

ಇನ್ನು ನಾನು. ಕುಂದಾಪುರದ ಒಂದು ಮೊಬೈಲ್ ಅಂಗಡಿಯಲ್ಲಿ ಜನರ ಫೋನಿಗೆ ಗ್ಲಾಸು ಅಂಟಿಸುವುದು ನನ್ನ ವೃತ್ತಿ. ಅಂಟಿಸುವಾಗ ಅವರು ಆಡಿದ ಮಾತನ್ನು, ಅವರು ಹೋದ ಮೇಲೆ ಅವರದೇ ಸ್ವರದಲ್ಲಿ ಆಡಿ ತೋರಿಸುವುದು ಪ್ರವೃತ್ತಿ. ಈ ಪ್ರವೃತ್ತಿಯಿಂದ ಎರಡು ಸಲ ಪೆಟ್ಟು ತಿಂದಿದ್ದೇನೆ. ಒಮ್ಮೆ ಹಿಂದಿನಿಂದ, ಏಕೆಂದರೆ ಗಿರಾಕಿ ಚಾರ್ಜರ್ ಮರೆತು ವಾಪಸ್ ಬಂದಿದ್ದ.

"ಅಚ್ಚಿನ ಪ್ಲೇಟು ಅಂದರೆ ಏನು?" ಅಂತ ನೀವು ಈಗ ಕೇಳಿದಿರಲ್ಲ, ದಯವಿಟ್ಟು ಈ ಪ್ರಶ್ನೆಯನ್ನು ಮಾವನ ಹತ್ತಿರ ಕೇಳಬೇಡಿ! ಶಂಕರನಾರಾಯಣದ ಒಂದು ಮದುವೆಯೂಟದಲ್ಲಿ ಪಕ್ಕದ ಎಲೆಯ ಪಾಪದ ಮನುಷ್ಯರೊಬ್ಬರು ಸುಮ್ಮನೆ ಮರ್ಯಾದೆಗೆ "ಈಗ ಎಂತ ಮಾಡ್ಕಂಡಿದ್ರಿ?" ಅಂತ ಕೇಳಿದರು. ಮಾವ ತಮ್ಮ ಎಲೆಯ ಅನ್ನವನ್ನು ಅಂಗೈಯಿಂದ ತಟ್ಟಿ ಗಟ್ಟಿ ಮಾಡಿದರು. ಲಾಡನ್ನು ಎರಡು ಹೋಳು ಮಾಡಿದರು. ಒಂದು ಹೋಳು ಹಪ್ಪಳದ ಮೇಲೆ, ಇನ್ನೊಂದು ಹೋಳು ಹಪ್ಪಳದ ಅಡಿಗೆ.

"ಕಾಣಿ. ಈ ಹಪ್ಪಳವೇ ಪ್ಲೇಟ್. ಲಾಡ್ ಅಂದ್ರೆ ಅಚ್ಚ್. ಅನ್ನ ಅಂದ್ರೆ ಮರಳ್. ಅಡಿಗೊಂದ್ ಮರಳಿನ್ ಪೆಟ್ಟಿಗೆ, ಮೇಲೊಂದ್ ಮರಳಿನ್ ಪೆಟ್ಟಿಗೆ, ನಡುವಂಗೆ ಪ್ಲೇಟ್. ಒತ್ತುದ್, ಪ್ಲೇಟ್ ತೆಗೂದ್, ಪೆಟ್ಟಿಗೆ ಎರಡನ್ನೂ ಸೇರ್ಸುದ್. ಒಳ್ಗೆ ಲಾಡಿನ್ ಆಕಾರದ್ ಗುಂಡಿ ಉಳಿತಲ್ದಾ? ಅದ್ಕೆ ಕಬ್ಬಿಣ ಹೊಯ್ಯುದ್!"

ಕಬ್ಬಿಣ ಅಂದರೆ ಬಿಸಿ ಸಾರು. ಹೊಯ್ದೇಬಿಟ್ಟರು. ಅನ್ನದ ಗೋಡೆ ಒಡೆಯಿತು, ಸಾರು ಎಲೆ ದಾಟಿತು, ಪಕ್ಕದವರ ಬಿಳಿ ಪಂಚೆಯ ಮೇಲೆ ಕೆಂಪು ಸೌಪರ್ಣಿಕಾ ನದಿ ಹರಿಯಿತು!

"ಇದ್ಕೇ ಲೀಕ್ ಅಂಬುದ್," ಎಂದರು ಮಾವ ಶಾಂತವಾಗಿ. "ಆದ್ರೆ ಮುಖ್ಯ ವಿಷ್ಯ ಅದಲ್ಲ. ಮೇಲಿನ್ ಅರ್ಧ, ಕೆಳಗಿನ್ ಅರ್ಧ ಏಕ್‌ದಮ್ ಎದುರೆದುರು ಇರ್ಕ್. ಕೂದಲಿನಷ್ಟ್ ಜಾರಿದ್ರೂ ಮಾಲ್ ಹಾಳ್. ಹ್ವಾಯ್, ಇಲ್ಲಿಗೊಂದ್ ಹಪ್ಪಳ ತಕಂಬನಿ, ಇವ್ರಿಗೆ ಇನ್ನೊಂದ್ ಸಲ ತೋರ್ಸುವ!"

ಇವರಿಗೆ ಇನ್ನೊಂದು ಸಲ ನೋಡುವ ಆಸೆ ಇರಲಿಲ್ಲ. ಪಾಯಸಕ್ಕೂ ಕಾಯದೆ ಎದ್ದುಹೋದರು.

ಮಾವನಿಗೆ ಲೋಕದಲ್ಲಿ ಎರಡೇ ಜಾತಿ: ಮರಳಿನಿಂದ ಸಲೀಸಾಗಿ ಎದ್ದು ಬರುವಂಥದ್ದು, ಬರದೇ ಇರುವಂಥದ್ದು. ಬಾಯಿ ಅಗಲ, ಬುಡ ಸಪೂರ ಇರುವ ಲೋಟ ಸಜ್ಜನ. ಕುತ್ತಿಗೆ ಸಪೂರ, ಹೊಟ್ಟೆ ದೊಡ್ಡ ಇರುವ ಕೊಡಪಾನ ದುಷ್ಟ. ತಟ್ಟೆಯಿಂದ ಇಡ್ಲಿ ಎದ್ದು ಬರುವುದನ್ನು ಕಂಡರೆ ಅವರಿಗೆ ಕಣ್ಣು ತುಂಬಿ ಬರುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ಪರವಾಗಿರಲಿಲ್ಲ. ನನಗೆ ಹೆಣ್ಣು ನೋಡುವ ಮಾತು ಬಂದಾಗ, ಮನೆಮಂದಿಯೆಲ್ಲ ಕೂತಿರುವಾಗ ನನ್ನ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿ ತೀರ್ಪು ಕೊಟ್ಟರು: "ಮುಖ ಅಡ್ಡಿಲ್ಲ. ಆದ್ರೆ ಈ ಮೂಗ್ ಇತ್ತಲೆ, ಇದ್ ಮರಳಿಂದ ಹೊರಗ್ ಬಪ್ಪುದಿಲ್ಲ ಮಾರಾಯ. ಬಂದ್ರೆ ಗೋಡೆ ಒಟ್ಟಿಗೇ ಬತ್ತ್!"

ನಾನು ತಕ್ಷಣ ಅದನ್ನೇ ಅವರ ಸ್ವರದಲ್ಲಿ ಆಡಿ ತೋರಿಸಿದೆ. ಎಲ್ಲರೂ ನಕ್ಕರು. ಆದರೆ ಮೂಗಿಗೆ ನಕ್ಕರೋ ಸ್ವರಕ್ಕೆ ನಕ್ಕರೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಈಗ ಮಷಿನ್ನಿಗೆ ಬರೋಣ. ಆಹಾ, ಮಷಿನ್ನು! ನಾವುಂದದ ಸೆಲೂನಿನವನೊಬ್ಬ ಹೊಸ ಕುರ್ಚಿ ತರಿಸಿದಾಗ ಹಳೆಯದನ್ನು ಮಾವ ಟೆಂಪೋದಲ್ಲಿ ಹೇರಿಕೊಂಡು ಬಂದರು. ಕಾಲಲ್ಲಿ ಒತ್ತಿದರೆ ಮೇಲೇರುವ, ಸನ್ನೆಕೋಲು ಎಳೆದರೆ ಕೆಳಗಿಳಿಯುವ ಕಬ್ಬಿಣದ ಕುರ್ಚಿ. ಅದರ ಸೀಟು ಕಿತ್ತು ಆ ಜಾಗಕ್ಕೆ ದಪ್ಪ ಉಕ್ಕಿನ ಹಲಗೆ ಹಾಕಿದರು. ತಲೆಯ ಮೇಲೆ ಒಂದು ಕಮಾನು ಕಟ್ಟಿ ಅದಕ್ಕೆ ಡ್ರಿಲ್ಲು ನೇತುಹಾಕಿದರು. ಅಲ್ಯೂಮಿನಿಯಂ ಪ್ಲೇಟನ್ನು ಹಲಗೆಯ ಮೇಲೆ ಕೂರಿಸಿ, ಕುರ್ಚಿಯನ್ನು ಮೇಲೆತ್ತಿ, ತೂತು ಹೊಡೆದು, ಆ ತೂತಿನಲ್ಲಿ ಪಿನ್ನು ತೂರಿಸಿ, ಪ್ಲೇಟಿನ ಎರಡೂ ಬದಿಗೆ ಅಚ್ಚಿನ ಅರ್ಧರ್ಧವನ್ನು ಕಚ್ಚಿಸುವುದು. ಕೊಯಮತ್ತೂರಿನಲ್ಲಿ ಕಂಪ್ಯೂಟರ್ ಹಾಕಿ ಮಾಡುವ ಕೆಲಸವನ್ನು ಇವರು ಕುರ್ಚಿ ಹಾಕಿ ಮಾಡುತ್ತಾರೆ! ಬೋಟಿನ ರಾಟೆ, ಪಂಪಿನ ಮುಚ್ಚಳ ಅಂತ ಸಣ್ಣಪುಟ್ಟ ಪ್ಲೇಟುಗಳು ಅದರಲ್ಲಿ ಚೆನ್ನಾಗಿಯೇ ಬಂದಿದ್ದವು. ನಾನು ಒಮ್ಮೆ ಆ ಹಲಗೆಯ ಮೇಲೆ ಕೂತು, ನಾವುಂದದ ಸೆಲೂನಿನವನ ಸ್ವರದಲ್ಲಿ "ಕಟಿಂಗಾ, ಶೇವಿಂಗಾ?" ಅಂದೆ. ಮಾವ ಪೆಡಲು ಒತ್ತಿದರು. ತಲೆ ಹೋಗಿ ಕಮಾನಿಗೆ ಬಡಿಯಿತು. ಕಟಿಂಗೇ ಆಯಿತು.

ಆಗಲೇ ಬಂತು ನೋಡಿ ದೊಡ್ಡ ಅವಕಾಶ! ಬ್ರಹ್ಮಾವರದ ಆಚೆ ಒಂದು ಸಣ್ಣ ಫೌಂಡ್ರಿಯ ಮಾಲಕರಿಗೆ, ಗುಳಿಗುಳಿ ಇರುವ ಕಬ್ಬಿಣದ ಅಪ್ಪದ ಕಾವಲಿ ಎರಕ ಹೊಯ್ಯಬೇಕಿತ್ತು. "ಒಂದ್ ಪ್ಲೇಟ್ ಮಾಡ್ಕಂಡ್ ಬನಿ. ಒಂದ್ ಪೆಟ್ಟಿಗೆ ಹೊಯ್ದ್ ಕಾಂಬ. ಸಮ ಬಂದ್ರೆ ಮುಂದಿನ ಅಚ್ಚೆಲ್ಲ ನಿಮ್ದೇ" ಎಂದರು. ಮಾವ ಬಸ್ಸಿಗೂ ಕಾಯದೆ ಯಾರದೋ ಬೈಕು ಹತ್ತಿ ಮನೆಗೆ ಬಂದರು. ಬಂದವರೇ ಡ್ರಿಲ್ಲಿನ ಮೋಟಾರಿಗೆ ಶಕ್ತಿ ಸಾಲದು ಎಂದು ಕಂಡುಹಿಡಿದರು. ಮನೆಯಲ್ಲಿ ಶಕ್ತಿವಂತ ಮೋಟಾರು ಉಳಿದದ್ದು ಒಂದೇ.

ನಾನು ಆ ಭಾನುವಾರ ಊಟಕ್ಕೆ ಹೋದಾಗ ಅಡುಗೆಮನೆಯಿಂದ ಸ್ವರ ಕೇಳಿಸುತ್ತಿತ್ತು.

"ಹ್ವಾಯ್! ಗ್ರೈಂಡರಿನ್ ಮೋಟ್ರ್ ಎಲ್ಲ್ ಹೋಯ್ತ್?"

"ಎಲ್ಲೂ ಹೋಯ್ಲ. ಶೆಡ್ಡಂಗೇ ಇತ್ತ್."

"ನಾನ್ ಅಕ್ಕಿ ಉದ್ದ್ ನೆನೆ ಹಾಕಿದ್ದೆ. ಇನ್ ಎಲ್ಲ್ ಕಡೂದ್? ನಿಮ್ಮ್ ತಲೆ ಮೇಲಾ?"

"ಒಂಚೂರ್ ತಡ್ಕ ಮಾರಾಯ್ತಿ! ನಿಂಗೆ ಚಂದದ್ ಅಪ್ಪದ ಕಾವ್ಲಿ ಮಾಡ್ಸಿ ಕೊಡ್ತೆ."

"ಹೌದಾ? ಹಿಟ್ಟ್ ಕಸ್ಕಂಡ್ ಕಾವ್ಲಿ ಕೊಡು ಗಂಡ ಎಷ್ಟ್ ಜನಕ್ ಸಿಕ್ತ್ರ್!"

ಅತ್ತೆ ಹೊರಗೆ ಬಂದರು. ಕೈಯಲ್ಲಿ ಸೌಟು ಇತ್ತು. ನಾನು ಬಾಗಿಲ ಹಿಂದೆ ಸರಿದೆ. ಆದರೆ ಅವರು ಕಿರುಚಲಿಲ್ಲ, ಪಂಥ ಕಟ್ಟಿದರು! "ಆಯ್ತ್. ಆ ಕಾವ್ಲಿ ಸಮ ಬಂದ್ರೆ ಮಷಿನ್ ಇರ್ಲಿ, ನಾನ್ ಇನ್ ತುಟಿ ಬಿಚ್ಚುದಿಲ್ಲ. ಸಮ ಬರ್ದಿರೆ, ಆ ಕುರ್ಚಿ ಬಿಚ್ಚಿ ಗುಜರಿಗೆ ಹಾಕ್ಕ್. ನನ್ ಸಾಮಾನೆಲ್ಲ ಎಲ್ಲೆಲ್ಲ್ ಇದ್ದಿತ್ತೋ ಅಲ್ಲಲ್ಲೇ ಬರ್ಕ್. ಒಪ್ಗೆಯಾ?"

"ಒಪ್ಗೆ! ಏಕ್‌ದಮ್ ಒಪ್ಗೆ! ಅಳಿಯನೇ ಸಾಕ್ಷಿ!"

ಅಂದಿನಿಂದ ಆ ಮನೆಯಲ್ಲಿ ಎರಡು ಪಾರ್ಟಿ. ಊಟ ಬಡಿಸುವಾಗಲೂ ಮಾತಿಲ್ಲ, ಬರೀ ಸೌಟಿನ ಸದ್ದು. ಮಾವ ಶೆಡ್ಡು ಸೇರಿದವರು ಕರೆದರೂ ಬರುವುದಿಲ್ಲ. ಅರ್ಧ ತೆಂಗಿನಕಾಯಿಗಳ ಸಭೆ ಸೇರಿದ ಹಾಗೆ ಗುಳಿಯ ಅಚ್ಚುಗಳು ಸಾಲಾಗಿ ಎದ್ದವು. ಉಜ್ಜಿದರು, ಕಣ್ಣೆದುರು ಹಿಡಿದರು, ಮತ್ತೆ ಉಜ್ಜಿದರು, ತಮ್ಮನ್ನು ತಾವೇ ಹೊಗಳಿಕೊಂಡರು. ಗ್ರೈಂಡರಿನ ಮೋಟಾರು ದೋಸೆಯ ಹಿಟ್ಟಿಗೆ ಕಂಡರಿಯದ ಉಮೇದಿನಲ್ಲಿ ಗರ್ಜಿಸಿತು. ಹಟ್ಟಿಯಂಗಡಿಯ ಗಣಪತಿಗೆ ಒಂದು ತೆಂಗಿನಕಾಯಿ ಹೋಯಿತು. ಅದೇ ದಿನ ಅತ್ತೆಯದೂ ಒಂದು ಕಾಯಿ ಹೋಯಿತಂತೆ. ಗಣಪತಿ ಏನು ಮಾಡಬೇಕು ಪಾಪ!

ಪ್ಲೇಟನ್ನು ಗೋಣಿಯಲ್ಲಿ ಸುತ್ತಿ, ಬಾಣಂತಿಯ ಕೂಸಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಮಾವ ಬಸ್ಸು ಹತ್ತಿದರು. ಸಾಕ್ಷಿಯಾದ ತಪ್ಪಿಗೆ ನಾನೂ ಅಂಗಡಿಗೆ ರಜೆ ಹಾಕಿದೆ. ಫೌಂಡ್ರಿಯಲ್ಲಿ ಮರಳು ತುಂಬಿದರು, ಪ್ಲೇಟು ಎತ್ತಿದರು. ಒಂದು ಹರಳೂ ಉದುರದೆ ಅಚ್ಚು ಎದ್ದು ಬಂತು! ಕೆಂಪು ಕಬ್ಬಿಣ ಇಳಿಯಿತು. ತಣಿದ ಮೇಲೆ ಒಡೆದು ನೋಡಿದರೆ, ಅಬ್ಬಬ್ಬಾ, ಕಾವಲಿ! ಮಾವ "ಬರಾಬರ್!" ಎಂದು ಕೂಗಿದ ಸದ್ದಿಗೆ ಮಾಡಿನ ಪಾರಿವಾಳಗಳೆಲ್ಲ ಹಾರಿಹೋದವು.

ಆದರೆ ಮಾಲಕರು ಹೋಟೆಲಿನವರ ಮಗ. ಅಳತೆಯ ಪಟ್ಟಿಯ ಮೇಲೆ ಅವರಿಗೆ ನಂಬಿಕೆಯಿಲ್ಲ. ಕಾವಲಿಯನ್ನು ತಿಕ್ಕಿಸಿ, ಎಣ್ಣೆ ಹಚ್ಚಿ ಹದ ಮಾಡಿಸಿ, ಗ್ಯಾಸಿನ ಒಲೆಯ ಮೇಲಿಟ್ಟು ಹಿಟ್ಟು ಹೊಯ್ದೇಬಿಟ್ಟರು. ನಾವೆಲ್ಲ ಸುತ್ತ ನಿಂತು ಅಪ್ಪ ಬೇಯುವುದನ್ನು ಹೆರಿಗೆ ಕಾಯುವವರ ಹಾಗೆ ಕಾದೆವು. ಎಬ್ಬಿಸಿದರು. ಒಂದೊಂದು ಅಪ್ಪಕ್ಕೂ ಒಂದು ಕೆನ್ನೆ ಇದ್ದಿಲು, ಇನ್ನೊಂದು ಕೆನ್ನೆ ಹಸಿ ಹಿಟ್ಟು!

"ಹ್ವಾಯ್, ಇದೆಂತ ಅಪ್ಪವಾ, ಅಮಾಸಿ ಹುಣ್ಣಿಮೆಯಾ?" ಎಂದರು ಮಾಲಕರು. ಕಾವಲಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಗುಳಿಯ ಗೋಡೆ ಒಂದು ಬದಿ ತೆಳು, ಒಂದು ಬದಿ ದಪ್ಪ. "ಮೇಲಿನ್ ಅರ್ಧಕ್ಕೂ ಕೆಳಗಿನ್ ಅರ್ಧಕ್ಕೂ ಮಾತಿಲ್ಲೆ ಕಾಂತ್. ತೂತ್ ಓರೆ ಹೊಡ್ದಿರಿ ನೀವ್."

ಮಾವ ಕಾವಲಿಯನ್ನು ಒಮ್ಮೆ ಕಣ್ಣೆದುರು ಹಿಡಿದು ಕೆಳಗಿಟ್ಟರು. ಗೋಣಿಯಲ್ಲಿ ಪ್ಲೇಟು ಸುತ್ತಿಕೊಂಡರು. ಬಸ್ಸಿನಲ್ಲಿ ಕೋಟ ದಾಟುವಾಗ ನಾನು ಮಾಲಕರ ಸ್ವರ ತೆಗೆದು "ಅಮಾಸಿ ಹುಣ್ಣಿಮೆಯಾ?" ಅಂದೆ. ಕಂಡಕ್ಟರ್ ನಕ್ಕ. ಮಾವ ಕಿಟಕಿಯ ಹೊರಗೆ ನೋಡುತ್ತಿದ್ದರು.

ಮನೆ ತಲುಪಿದವರು ಕಾಲೂ ತೊಳೆಯಲಿಲ್ಲ. ನೇರ ಶೆಡ್ಡಿಗೆ ಹೋಗಿ ಸ್ಪ್ಯಾನರ್ ಎತ್ತಿಕೊಂಡು ಕಮಾನಿನ ಮೊದಲ ಬೋಲ್ಟಿಗೆ ಕೊಟ್ಟರು. ಪಂಥ ಅಂದರೆ ಪಂಥ. ಅತ್ತೆ ಬಂದು ಬಾಗಿಲಲ್ಲಿ ನಿಂತರು. ನಾನು ಗೆದ್ದವರ ಭಾಷಣಕ್ಕೆ ಕಿವಿ ನೆಟ್ಟಗೆ ಮಾಡಿಕೊಂಡೆ. ಹೊಸ ಐಟಂ ಸಿಗುತ್ತದಲ್ಲ!

ಅತ್ತೆ ಪ್ಲೇಟನ್ನು ನೋಡಿದರು, ಕುರ್ಚಿಯನ್ನು ನೋಡಿದರು. ಕುರ್ಚಿಯಲ್ಲಿ ಕೂತವರು ಕಾಲಿಡುವ ಮೆಟ್ಟಿಲ ಮೇಲೆ ಪೇರಿಸಿಟ್ಟ ಕೆಂಪು ಕಲ್ಲುಗಳನ್ನು ನೋಡಿದರು.

"ಈ ಕಲ್ಲೆಂತಕ್ಕೆ?"

"ಭಾರಕ್ಕೆ. ಡ್ರಿಲ್ ಒತ್ತಿರೆ ಕುರ್ಚಿ ಎದ್ರ್ ಬದಿ ಏಳ್ತಲೆ."

"ಅದ್ ನಂಗೊತ್ತಿತ್ತ್. ನನ್ನ್ ಎಂತಕ್ಕೆ ಕರೀಲಿಲ್ಲ?"

ಆಗ ನನಗೆ ತಿಳಿಯಿತು. ಇಷ್ಟು ವರ್ಷದ ಒಂದೊಂದು ಪ್ಲೇಟಿಗೂ ಆ ಮೆಟ್ಟಿಲ ಮೇಲೆ ನಿಂತವರು ಅತ್ತೆ! ಒಲೆಯ ಮೇಲಿನ ಪದಾರ್ಥ ಬಿಟ್ಟು ಬಂದು, ಬೈಯುತ್ತ ಬೈಯುತ್ತ ನಿಂತು, ಡ್ರಿಲ್ಲು ಇಳಿದ ಹಾಗೆ ಹಿಮ್ಮಡಿಯಿಂದ ಬೆರಳಿಗೆ, ಬೆರಳಿನಿಂದ ಹಿಮ್ಮಡಿಗೆ ಭಾರ ಬದಲಿಸುತ್ತ ಆ ಹಲಗೆಯನ್ನು ಮಟ್ಟ ಹಿಡಿದವರು. ಕಲ್ಲಿಗೆ ಹಿಮ್ಮಡಿ ಎಲ್ಲಿದೆ?

"ನಿನ್ನ್ ಹ್ಯಾಂಗ್ ಕರೂದ್?" ಎಂದರು ಮಾವ, ಬೋಲ್ಟನ್ನೇ ನೋಡುತ್ತ. "ಬಿಚ್ಚಿ ಹಾಕಿ ಅಂದದ್ ನೀನೇ ಅಲ್ದಾ?"

"ಬಿಚ್ಚಿ ಹಾಕಿ ಅಂದಿದ್ದೆ. ಕರೀಬೇಡಿ ಅಂದಿದ್ನಾ?"

ಅತ್ತೆ ಕಲ್ಲುಗಳನ್ನು ಒಂದೊಂದಾಗಿ ಕಾಲಿನಿಂದಲೇ ಉರುಳಿಸಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿದರು. "ಆ ಸ್ಪ್ಯಾನರ್ ಕೆಳಗ್ ಇಡಿ. ಹಳೆ ತೂತ್ ಮುಚ್ಚಿ, ಬೇರೆ ಹೊಡಿನಿ. ನನ್ ಸಾರ್ ಒಲೆ ಮೇಲಿತ್ತ್."

ಆ ಪ್ಲೇಟು ಮಾರನೆಯ ದಿನ ಪಾಸಾಯಿತು, ಈಗ ನಮ್ಮ ಕಡೆಯ ಎಷ್ಟೋ ಅಡುಗೆಮನೆಗಳಲ್ಲಿ ಅಪ್ಪದ ಎರಡೂ ಕೆನ್ನೆ ಸಮನಾಗಿ ಕೆಂಪಾಗುತ್ತವೆ. ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಪಾಸಾಗುವಾಗ ನಾನು ಅಲ್ಲಿರಲಿಲ್ಲ. ನಾನಿದ್ದದ್ದು ಹಿಂದಿನ ದಿನ, ಶೆಡ್ಡಿನಲ್ಲಿ. ಮಾವ ಹಳೆಯ ತೂತುಗಳಿಗೆ ಬಿರಡೆ ಬಡಿದು, ಹೊಸ ಗುರುತು ಹಾಕಿ, ಮೋಟಾರು ಹಚ್ಚಿದರು. ತಕ್ಷಣ ಆರಿಸಿದರು. ತಮ್ಮ ದಪ್ಪ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಅತ್ತೆಯ ಕಿವಿಗೆ ಸಿಕ್ಕಿಸಿದರು.

"ಚೂರ್ ಹಾರ್ತತ್ತ್. ನಿನ್ ಕಣ್ಣಿಗ್ ಬಿದ್ರೆ?"

"ಮತ್ತೆ ನಿಮ್ಗೆ ಗುರ್ತ್ ಕಾಂತಾ?"

"ಕಾಂತಿಲ್ಲ. ನೀನ್ ಹೇಳ್."

ಮೋಟಾರು ಮತ್ತೆ ಶುರುವಾಯಿತು. ಮಾವ ಬರಿಗಣ್ಣು ಕಿರಿದು ಮಾಡಿ, ಡ್ರಿಲ್ಲಿನ ಹಿಡಿ ಹಿಡಿದು ಕಾದರು. ಅತ್ತೆ ಮೂಗಿನ ತುದಿಗೆ ಜಾರುವ ಕನ್ನಡಕವನ್ನು ಮೇಲೆ ತಳ್ಳಿಕೊಂಡು ಪ್ಲೇಟಿನತ್ತ ಬಗ್ಗಿದರು. ಇಬ್ಬರ ಹಣೆಗಳ ನಡುವೆ ಒಂದು ಗೇಣೂ ಇರಲಿಲ್ಲ.

"ಬಂತಾ?"

"ಇಲ್ಲೆ. ಒಂಚೂರ್ ನನ್ ಬದಿಗ್ ಬನಿ... ಇನ್ನೊಂಚೂರ್... ಹಾಂ. ಈಗ ಬಂತ್."