ಶಾರ್ಜಾದಿಂದ ಬಂದ ಕೂದಲು ತೆಗೆಯುವ ಮಿಷನಿನ ಬಗ್ಗೆ

ಮನೆವಾರ್ತೆ ಇಲಾಖೆ
ಅಡುಗೆಕೋಣೆ ಶಾಖೆ, ನರಿಕೊಂಬು, ಬಂಟ್ವಾಳ ತಾಲೂಕು

ಸಂಖ್ಯೆ: ಮವಾಇ/ಅಶಾ/ರೋಮ/೦೧/೨೦೨೫
ದಿನಾಂಕ: ೧೮-೦೨-೨೦೨೫

ವಿಷಯ: ಮನೆಯಲ್ಲೇ ಕುಳಿತು ಮೈಕೂದಲು ತೆಗೆಯುವ 'ಲೇಸರ್' ಯಂತ್ರವು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬ ಬಗ್ಗೆ ಹಾಗೂ ಅದರ ಬಳಕೆಯನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ:
೧. ಮನೆ ಯಜಮಾನರ ತಮ್ಮ ಶ್ರೀ ಶೋಧನ್ ಇವರು ಕಳೆದ ನವೆಂಬರಿನಲ್ಲಿ ಶಾರ್ಜಾದಿಂದ ರಜೆಯಲ್ಲಿ ಬಂದಾಗ ತಂದ ಪೆಟ್ಟಿಗೆ.
೨. ಪೆಟ್ಟಿಗೆಯೊಳಗಿನ ಕೈಪಿಡಿ, ಹದಿನಾಲ್ಕು ಭಾಷೆಗಳಲ್ಲಿ. (ಕನ್ನಡ, ತುಳು ಅವುಗಳಲ್ಲಿ ಸೇರಿರುವುದಿಲ್ಲ.)
೩. ಮೂಡುಬಿದಿರೆಯ ಚರ್ಮವೈದ್ಯರೊಬ್ಬರ ಮೌಖಿಕ ಅಭಿಪ್ರಾಯ.
೪. ಈ ದಿನ ಬೆಳಿಗ್ಗೆ ೬.೫೦ರ ಘಟನೆ.

ಪೀಠಿಕೆ:
ಈ ದಿನ ಬೆಳಿಗ್ಗೆ ಶಾಖೆಯ ಪ್ರಭಾರ ಅಧಿಕಾರಿ ಶ್ರೀಮತಿ ತೃಪ್ತಿ ಇವರು ಸಜ್ಜಿಗೆಗೆ ರವೆ ಹುರಿಯುತ್ತಿದ್ದಾಗ, ಬಚ್ಚಲುಕೋಣೆಯ ಬಾಗಿಲಡಿಯಿಂದ ಬಿಳಿ ಹುಡಿ ಹೊರಬರುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಸೌಟನ್ನು ಬಾಣಲೆಯಲ್ಲೇ ಬಿಟ್ಟು ಸ್ಥಳ ಪರಿಶೀಲನೆ ನಡೆಸಲಾಯಿತು. ರವೆ ಸೀದು ಹೋಯಿತು. ಒಳಗೆ ಮಗಳು ಕುಮಾರಿ ಸಾತ್ವಿಕಾ (ಎಂಟನೇ ತರಗತಿ, ವಯಸ್ಸು ಹದಿಮೂರು) ಎರಡೂ ಕೈಗಳಿಗೆ ಮೊಣಕೈಯವರೆಗೆ ಪೌಡರ್ ಮೆತ್ತಿಕೊಂಡು, ಯಂತ್ರವನ್ನು ಚರ್ಮಕ್ಕೆ ಒತ್ತಿ ಹಿಡಿದು ನಿಂತಿದ್ದಳು. ಕಾರಣ ಕೇಳಲಾಗಿ, "ಕೆಂಪು ಲೈಟೇ ಬರ್ತದೆ ಅಮ್ಮ. ಕಪ್ಪು ಕೈ ಅದಕ್ಕೆ ಆಗುವುದಿಲ್ಲವಂತೆ. ಹಾಗೆ ಬಿಳಿ ಮಾಡಿದೆ" ಎಂಬ ಹೇಳಿಕೆ ದೊರೆತಿದೆ. ಬಾಗಿಲ ಹಿಂದಿನ ಮೊಳೆಯಲ್ಲಿ ಆಕೆಯ ಉದ್ದ ತೋಳಿನ ಸ್ವೆಟರ್ ನೇತಾಡುತ್ತಿತ್ತು. ಸೆಕೆಗೆ ಫ್ಯಾನಿನಡಿ ಕುಳಿತವರೂ ಬೆವರುವ ಈ ಫೆಬ್ರವರಿಯಲ್ಲಿ ಆಕೆ ಅದನ್ನು ಹಾಕಿಕೊಂಡೇ ಶಾಲೆಗೆ ಹೋಗಿಬರುತ್ತಿದ್ದಾಳೆ.

ಆ ಸ್ವೆಟರನ್ನು ಮಗುವಿನ ಮೈಯಿಂದ ಇಳಿಸುವುದೇ ಇಲಾಖೆಯ ಸದ್ಯದ ಉದ್ದೇಶವಾಗಿದ್ದು, ಅದಕ್ಕಾಗಿ ಸಂಬಂಧಪಟ್ಟ ಎಲ್ಲರಿಗೂ ಕೆಳಗಿನಂತೆ ಸೂಚಿಸಲಾಗಿದೆ.

೧. ಯಂತ್ರದ ಹೆಸರು:
ಶ್ರೀ ಶೋಧನ್ ಇದನ್ನು ಲೇಸರ್ ಎಂದಿರುತ್ತಾರೆ. ವೈದ್ಯರ ಪ್ರಕಾರ ಇದು ಲೇಸರ್ ಅಲ್ಲ, ಕ್ಯಾಮೆರಾದ ಫ್ಲ್ಯಾಶಿನಂತೆ ಮಿನುಗುವ ಜೋರು ಬೆಳಕು. ಆದರೆ ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನವರೆಗೆ ಲೇಸರ್ ಎಂದೇ ಸುದ್ದಿ ಹಬ್ಬಿರುವುದರಿಂದ, ಮನೆಯ ಮರ್ಯಾದೆಯ ದೃಷ್ಟಿಯಿಂದ ಹೊಸ್ತಿಲ ಹೊರಗೆ ಲೇಸರ್ ಎಂದೂ ಹೊಸ್ತಿಲ ಒಳಗೆ ಟಾರ್ಚ್ ಎಂದೂ ಕರೆಯತಕ್ಕದ್ದು.

೨. ಅರ್ಹತೆ:
ಪೆಟ್ಟಿಗೆಯೊಂದಿಗೆ ಆರು ಬಣ್ಣಗಳ ಒಂದು ಪಟ್ಟಿ ಬಂದಿದೆ. ಮೊದಲನೆಯದು ಹಾಲಿನದ್ದು, ಆರನೆಯದು ಡಿಕಾಕ್ಷನ್ನಿನದ್ದು. ಆರನೆಯದರ ಮೇಲೆ ಅಡ್ಡಗೀಟು ಹಾಕಲಾಗಿದೆ. ಮನೆಯ ಸದಸ್ಯರನ್ನು ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿ, ಕೈಯನ್ನು ಪಟ್ಟಿಗೆ ತಾಗಿಸಿ ನೋಡಲಾಗಿ, ಪ್ರಭಾರ ಅಧಿಕಾರಿಯವರೂ ಮಗಳೂ ಗೀಟಿನ ಅಡಿಗೆ ಬಂದರು. ಅಂಥ ಚರ್ಮ ಸುಟ್ಟೀತೆಂದು ಯಂತ್ರವೇ ಕೆಂಪು ದೀಪ ತೋರಿಸಿ ಕೆಲಸ ನಿಲ್ಲಿಸುತ್ತದೆ. ಅತ್ತೆಯವರಾದ ಶ್ರೀಮತಿ ಪ್ರೇಮಾವತಿ ಮೂರನೇ ಬಣ್ಣದಲ್ಲಿ ತೇರ್ಗಡೆಯಾದರೂ ಅವರ ಕೂದಲೆಲ್ಲ ನರೆತಿದೆ. ಬಿಳಿ ಕೂದಲು ಯಂತ್ರಕ್ಕೆ ಕಾಣುವುದಿಲ್ಲ. ಈ ಬಗ್ಗೆ ಅವರು, "ನನ್ನ ಕಣ್ಣಿಗಿಂತಲೂ ಅದರ ಕಣ್ಣು ಕಡೆ ಆಯ್ತಲ್ಲ ಮಾರಾಯ್ತಿ" ಎಂದು ಅಭಿಪ್ರಾಯಪಟ್ಟಿದ್ದಾರೆ. ಒಟ್ಟಾರೆಯಾಗಿ, ಈ ಮನೆಯಲ್ಲಿ ಯಂತ್ರಕ್ಕೆ ಪೂರ್ಣ ಅರ್ಹತೆ ಹೊಂದಿರುವವಳು ಪೆಟ್ಟಿಗೆಯ ಮುಚ್ಚಳದ ಮೇಲಿನ ಹುಡುಗಿ ಒಬ್ಬಳೇ. ಆಕೆಯ ಮೈಮೇಲೆ ಕೂದಲು ಮೊದಲೇ ಇಲ್ಲ.

೩. ಹನ್ನೆರಡು ಭಾನುವಾರಗಳ ಪ್ರಯೋಗ:
ನೆರೆಮನೆಯ ಶ್ರೀಮತಿ ಫರ್ಹಾನ ಇವರ ಮುಂದಾಳತ್ವದಲ್ಲಿ ಸ್ವಸಹಾಯ ಗುಂಪಿನ ಐವರು ಸದಸ್ಯೆಯರು ಪ್ರತಿ ಭಾನುವಾರ ಇದೇ ಮನೆಯಲ್ಲಿ ಸರದಿಯಂತೆ ಯಂತ್ರಕ್ಕೆ ಕೈಯೊಡ್ಡಿರುತ್ತಾರೆ. ಕೆಂಪು ದೀಪದ ಕಾರಣ ಪ್ರಭಾರ ಅಧಿಕಾರಿಯವರಿಗೆ ಚಹಾದ ಹೊಣೆ ವಹಿಸಲಾಗಿತ್ತು. ಹನ್ನೆರಡನೇ ವಾರ, ಒಂದೇ ಒಂದು ಕೂದಲೂ ಕಾಣುವುದಿಲ್ಲವಾದ್ದರಿಂದ ಯಂತ್ರ ನೂರಕ್ಕೆ ನೂರು ಕೆಲಸ ಮಾಡುತ್ತದೆಂದು ಒಮ್ಮತದ ನಿರ್ಣಯವಾಗಿ, ಗುಂಪಿನ ಪುಸ್ತಕದಲ್ಲಿ ಸಹಿಯೂ ಬಿದ್ದಿದೆ.

ತರುವಾಯ ತಿಳಿದುಬಂದ ಅಂಶವೇನೆಂದರೆ, ಐವರೂ ಪ್ರತಿ ಶನಿವಾರ ಸಂಜೆ ಬಿ.ಸಿ.ರೋಡಿನ ಪಾರ್ಲರಿಗೆ ಒಬ್ಬರು ಹೋದದ್ದು ಇನ್ನೊಬ್ಬರಿಗೆ ಗೊತ್ತಾಗದಂತೆ ಹೋಗಿ ವ್ಯಾಕ್ಸ್ ಮಾಡಿಸಿಕೊಂಡು ಬರುತ್ತಿದ್ದರು. ವಿವರಣೆ ಕೇಳಲಾಗಿ ಶ್ರೀಮತಿ ಫರ್ಹಾನ, "ಕಾಡಿನ ಹಾಗೆ ಇರುವ ಕೈ ಹಿಡ್ಕೊಂಡು ನಾಲ್ಕು ಜನರ ಎದುರು ಹೇಗೆ ಕೂತುಕೊಳ್ಳುವುದು? ನಾಚಿಕೆ ಅಂತ ಒಂದು ಉಂಟಲ್ಲ ಮಾರಾಯ್ತಿ!" ಎಂದಿರುತ್ತಾರೆ. ಕೂದಲನ್ನು ಬೇಕಾದರೆ ಬೋಳಿಸಬಹುದು, ಬೇರುಸಹಿತ ಕೀಳಬಾರದು, ಬೇರು ಇದ್ದರೆ ಮಾತ್ರ ಬೆಳಕಿಗೆ ಕೆಲಸ ಎಂಬುದು ವೈದ್ಯರ ಮಾತು. ಅಂದರೆ ಯಂತ್ರವು ಹನ್ನೆರಡು ವಾರ ಖಾಲಿ ಕೈಗಳಿಗೆ ಬೆಳಕು ಬಿಟ್ಟಿದೆ. ನೆಂಟರು ಬರುವ ಮೊದಲು ಮನೆ ಗುಡಿಸುವ ಅಭ್ಯಾಸವೇ ಇದಕ್ಕೆ ಮೂಲವೆಂದು ಅಂದಾಜಿಸಲಾಗಿದೆ. ಬರೇ ಚಹಾ ಕೊಡಲು ಕೈ ಚಾಚಬೇಕಿದ್ದ ಪ್ರಭಾರ ಅಧಿಕಾರಿಯವರೂ ಶನಿವಾರ ಪಾರ್ಲರಿಗೆ ಹೋಗಿದ್ದರು ಎಂಬುದನ್ನು ಇಲ್ಲಿ ಮುಚ್ಚಿಡಲಾಗಿಲ್ಲ.

೪. ಇನ್ನು ಮುಂದಿನ ನಿಯಮಗಳು:
(ಅ) ಯಂತ್ರದ ಮುಂದೆ ಕನಿಷ್ಠ ಹತ್ತು ಕೂದಲುಗಳನ್ನು ಹಾಜರುಪಡಿಸತಕ್ಕದ್ದು. ಹಾಜರಿ ಕರೆದ ನಂತರವೇ ಸ್ವಿಚ್ ಒತ್ತುವುದು.
(ಆ) ಯಂತ್ರಕ್ಕೆ ಕೂದಲು ತೋರಿಸಲು ನಾಚಿಕೆಪಡುವವರು ಮೂರು ದಿನ ಮುಂಚಿತವಾಗಿ ನಾಚಿಕೆಯ ಕಾರಣವನ್ನು ಬರೆದು ಕೊಡತಕ್ಕದ್ದು.
(ಇ) ಯಂತ್ರವನ್ನು ಬೆಳ್ತಂಗಡಿಯ ನೆಂಟರ ಮನೆಗೆ ಬಸ್ಸಿನಲ್ಲಿ ಒಯ್ಯುವಾಗ ಕಂಡಕ್ಟರ್ ವಿಚಾರಿಸಿದಲ್ಲಿ ಮಿಕ್ಸಿಯ ಜಾರ್ ಎನ್ನತಕ್ಕದ್ದು. ಪುನಃ ವಿಚಾರಿಸಿದಲ್ಲಿ ಇಳಿದು ಮುಂದಿನ ಬಸ್ ಹಿಡಿಯತಕ್ಕದ್ದು.
(ಈ) ಹೋದ ಕೂದಲು ಮರಳಿ ಬಂದಲ್ಲಿ ಅದನ್ನು ಹೊಸ ನೇಮಕಾತಿ ಎಂದೇ ಪರಿಗಣಿಸಬೇಕು.
(ಉ) ಅಂಗಿ ಬಿಚ್ಚಿ, ಎದೆ ತುಂಬ ಕೂದಲು ಬಿಟ್ಟುಕೊಂಡು, ಜಗಲಿಯಲ್ಲಿ ಕಾಲು ಚಾಚಿ ಕುಳಿತ ಗಂಡಸರು ಹೆಂಗಸರ ಕೈಕಾಲುಗಳ ಬಗ್ಗೆ ನೀಡುವ ಅಭಿಪ್ರಾಯಗಳನ್ನು, ಅವರು ಅಂಗಿ ಹಾಕಿಕೊಂಡು ಬಂದ ಮೇಲಷ್ಟೇ ಸ್ವೀಕರಿಸಲಾಗುವುದು.

೫. ಕೆಲಸ ಮಾಡುತ್ತದೆಯೇ:
ಬಣ್ಣ ಹೊಂದಿಕೆಯಾಗುವವರಿಗೆ, ಕೀಳದೆ ಬೋಳಿಸಿಕೊಂಡು, ತಿಂಗಳುಗಟ್ಟಲೆ ಬಿಡದೆ ಬಳಸಿದರೆ ಕೂದಲು ತೆಳುವಾಗಿ ಕಡಿಮೆಯಾಗುವುದುಂಟು, ನಿಲ್ಲಿಸಿದರೆ ಮೆಲ್ಲನೆ ಮರಳುವುದೂ ಉಂಟು ಎಂದು ವೈದ್ಯರು ತಿಳಿಸಿರುತ್ತಾರೆ. ಹದಿನೆಂಟು ತುಂಬದ ಮಕ್ಕಳಿಗೆ ಬೇಡವೇ ಬೇಡ ಎಂದೂ ಹೇಳಿರುತ್ತಾರೆ. ಆದ್ದರಿಂದ ವಿಷಯದಲ್ಲಿ ಕೇಳಲಾದ ಪ್ರಶ್ನೆಗೆ 'ಹೌದು, ಆದರೆ ಈ ಮನೆಗಲ್ಲ' ಎಂಬ ಉತ್ತರವನ್ನು ದಾಖಲಿಸಿ ಕಡತ ಮುಕ್ತಾಯಗೊಳಿಸಲಾಗಿದೆ. (ಕುಕ್ಕರ್ ಮೂರನೇ ಸಲ ಕೂಗಿದ್ದರಿಂದ ಈ ಕಂಡಿಕೆಯನ್ನು ಇಲ್ಲಿಗೇ ನಿಲ್ಲಿಸಲಾಗಿದೆ.)

೬. ಹೊಣೆಗಾರಿಕೆ:
ನವೆಂಬರಿನಲ್ಲಿ ಪೆಟ್ಟಿಗೆ ತೆರೆದ ದಿನ ಶ್ರೀ ಶೋಧನ್, "ಮೊದಲು ಸಾತ್ವಿಕಾನ ಕೈಯದ್ದು ತೆಗೆಯುವ. ಇಲ್ಲದಿದ್ದರೆ ಶಾಲೆಯವರು ಹುಡುಗರ ಬೆಂಚಿನಲ್ಲಿ ಕೂರಿಸಿಯಾರು" ಎಂದಿರುತ್ತಾರೆ. ಅಲ್ಲಿಯವರೆಗೆ ಆ ಕೈಗಳ ಬಗ್ಗೆ ಯಾವ ದೂರೂ ಬಂದಿರಲಿಲ್ಲ; ಅವು ಚೆನ್ನೆಮಣೆ ಆಡುತ್ತಿದ್ದವು, ಪೇರಳೆ ಮರ ಹತ್ತುತ್ತಿದ್ದವು. ಸಭೆ ನಕ್ಕಿತು. ಪ್ರಭಾರ ಅಧಿಕಾರಿಯವರೂ ನಕ್ಕರು. ನಗುವಾಗ ಅವರು ಮಗಳ ಮುಖ ನೋಡಿರಲಿಲ್ಲ. ಮರುದಿನ ಸ್ವೆಟರ್ ಬಂತು. ನವೆಂಬರ್, ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಅದು ಯಾರಿಗೂ ವಿಶೇಷವಾಗಿ ಕಾಣಲಿಲ್ಲ. ಈ ದಿನ ಪೌಡರ್ ತೊಳೆಯುವಾಗ ಮಗುವಿನ ಕತ್ತಿನ ಸುತ್ತ, ಕಂಕುಳ ಸುತ್ತ ಬೆವರುಸಾಲೆ ಎದ್ದಿರುವುದು ಕಂಡಿದೆ. ಶ್ರೀ ಶೋಧನ್ ಇವರಿಂದ ಏಳು ದಿನದೊಳಗೆ ವಿವರಣೆ ಕೋರಲಾಗಿದೆ. ಪ್ರಭಾರ ಅಧಿಕಾರಿಯವರಿಂದ ವಿವರಣೆ ಪಡೆಯಲು ಮೇಲಧಿಕಾರಿ ಇಲ್ಲದ ಕಾರಣ, ಆ ಕೆಲಸವನ್ನು ಅವರಿಗೇ ವಹಿಸಲಾಗಿದೆ.

೭. ಆದೇಶ:
ಯಂತ್ರವನ್ನು ಈ ದಿನದಿಂದ ಅಕ್ಕಿಯ ಡ್ರಮ್ಮಿನ ಹಿಂದೆ ಅಮಾನತಿನಲ್ಲಿ ಇರಿಸಲಾಗಿದೆ; ಯಾರಾದರೂ ಕೇಳಿ ಹೊರತೆಗೆದಲ್ಲಿ ಕಂಡಿಕೆ ೪ರ ನಿಯಮಗಳು ಅನ್ವಯಿಸುತ್ತವೆ. ಅದನ್ನು ಕುಮಾರಿ ಸಾತ್ವಿಕಾಳ ಕೈಗೆ ಸ್ವತಃ ಆಕೆಯಾಗಲಿ ಇತರರಾಗಲಿ ತಾಗಿಸುವಂತಿಲ್ಲ. ಪೌಡರನ್ನು ಕೇರಂ ಬೋರ್ಡಿಗೆ ಮಾತ್ರ ಬಳಸತಕ್ಕದ್ದು. ಸ್ವೆಟರನ್ನು ಒಗೆಯಲು ನೆನೆಹಾಕಲಾಗಿದ್ದು, ಇಲಾಖೆಯ ಅಂದಾಜಿನಂತೆ ಅದು ಒಣಗಲು ಮುಂದಿನ ಡಿಸೆಂಬರ್ ಆಗಬಹುದು.

ಸಹಿ/-
(ತೃಪ್ತಿ)
ಪ್ರಭಾರ ಅಧಿಕಾರಿ, ಅಡುಗೆಕೋಣೆ ಶಾಖೆ
ಉಳಿದೆಲ್ಲ ಶಾಖೆಗಳ ಹೆಚ್ಚುವರಿ ಪ್ರಭಾರ

ಪ್ರತಿಗಳು:
೧. ಶ್ರೀಮತಿ ಪ್ರೇಮಾವತಿ ಇವರಿಗೆ. ಓದಿ ಹೇಳಲಾಗಿದೆ. "ಇಷ್ಟು ಬರೆಯುವಷ್ಟರಲ್ಲಿ ಇನ್ನೊಂದು ಸಲ ರವೆ ಹುರಿಯಬಹುದಿತ್ತು" ಎಂಬ ಟಿಪ್ಪಣಿಯೊಂದಿಗೆ ಹಿಂದಿರುಗಿಸಿದ್ದಾರೆ.
೨. ಶ್ರೀಮತಿ ಫರ್ಹಾನ ಇವರಿಗೆ, ಗುಂಪಿನ ಪುಸ್ತಕದ ನಿರ್ಣಯವನ್ನು ಹೇಗೆ ಅಳಿಸುವುದೆಂದು ಯೋಚಿಸುವ ಕೋರಿಕೆಯೊಂದಿಗೆ.
೩. ಶ್ರೀ ಶೋಧನ್, ಶಾರ್ಜಾ ಇವರಿಗೆ ವಾಟ್ಸಾಪ್ ಮೂಲಕ. ನೀಲಿ ಗೀಟು ಬಂದಿದೆ, ಉತ್ತರ ಬಂದಿಲ್ಲ.
೪. ಪೆಟ್ಟಿಗೆಯ ಮುಚ್ಚಳದ ಹುಡುಗಿಗೆ, ಮಾಹಿತಿಗಾಗಿ.
೫. ಕುಮಾರಿ ಸಾತ್ವಿಕಾಳಿಗೆ, ಖುದ್ದಾಗಿ. ಆಕೆ ಎರಡು ಸಲ ಓದಿ, ಪೆನ್ನು ಹಿಡಿದು, ಸಹಿ ಹಾಕದೆ, ಮೌಖಿಕವಾಗಿ ಎತ್ತಿದ ಪ್ರಶ್ನೆಯನ್ನು ಇಲ್ಲಿ ಇದ್ದ ಹಾಗೆಯೇ ನಮೂದಿಸಲಾಗಿದೆ: "ಮಿಷನ್ ನಮಗೆ ಆಗುವುದಿಲ್ಲ ಅಂತ ಇಷ್ಟುದ್ದ ಬರೆದಿದ್ದಿ. ನನ್ನ ಕೈ ಹೀಗೇ ಇದ್ದರೂ ಪರವಾಗಿಲ್ಲ ಅಂತ ಒಂದು ಕಡೆಯೂ ಬರೆಯಲಿಲ್ಲ. ಪರವಾಗಿಲ್ವಾ ಅಮ್ಮ?"